ಗೋಡೆಗೆ ರ್ಯಾಕ್ ಪೆಟ್ಟಿಗೆ ಕೂಡಿಸುವ ರೀತಿ



ಬ್ಯಾಂಕಿನಲ್ಲಿ, ಪಂಚಾಯಿತಿ ಆಫೀಸಿನಲ್ಲಿ, ಕಂಪ್ಯೂಟರ್ ಕೋಣೆಯಲ್ಲಿ ಗೋಡೆಗೆ ತೂಗುಹಾಕಿದ ಕಬ್ಬಿಣದ ಪೆಟ್ಟಿಗೆಯನ್ನು ನೀವು ನೋಡಿರಬಹುದು. ಮುಂದೆ ಗಾಜಿನ ಬಾಗಿಲು, ಒಳಗೆ ಮಿಣುಕುವ ಹಸಿರು ದೀಪ, ಕೆಳಗೆ ವೈರುಗಳ ಗೊಂಚಲು. ಇದೇ ನೆಟ್‌ವರ್ಕ್ ರ್ಯಾಕ್. ಹೊರಗಿನಿಂದ ಬಂದ ಇಂಟರ್ನೆಟ್ಟು ಇಲ್ಲಿಂದಲೇ ಎಲ್ಲ ಕಂಪ್ಯೂಟರುಗಳಿಗೆ ಹಂಚಿ ಹೋಗುತ್ತದೆ.

ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್, ಅಂದರೆ ಗಾಜಿನ ಎಳೆಯ ಕೇಬಲ್ ಮುಟ್ಟಿಸುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. 2015ರಿಂದ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು. ಹಿಂದೆ ಪಟ್ಟಣದಲ್ಲಷ್ಟೇ ಕಾಣುತ್ತಿದ್ದ ಪೆಟ್ಟಿಗೆ ಹೀಗೆ ಹಳ್ಳಿಯ ಗೋಡೆಗೂ ಬಂತು.

ಸಾಮಾನು ತುಂಬಿದ ಸಣ್ಣ ರ್ಯಾಕ್ ಸುಮಾರು 25 ಕಿಲೋ ತೂಗಬಹುದು. ಅಂದರೆ ಅರ್ಧ ಚೀಲ ಸಿಮೆಂಟು! ಅದು ತೂಗೋದು ಮಂದಿಯ ತಲೆ ಮ್ಯಾಲೆ. ಕ್ಯಾಲೆಂಡರ್‌ಗೆ ಮೊಳೆ ಹೊಡೆದಂಗ ಹೊಡೆದರ ನಡೆಯೋದಿಲ್ಲ. ಪೆಟ್ಟಿಗೆ ಎಷ್ಟೇ ಗಟ್ಟಿ ಇರಲಿ, ಅದನ್ನು ಹೊರುವುದು ಗೋಡೆ. ಆದ್ದರಿಂದ ಮೊದಲು ಗೋಡೆ ಓದಬೇಕು, ಆಮೇಲೆ ಪೆಟ್ಟಿಗೆ ಬಿಚ್ಚಬೇಕು. ಇದೇ ಈ ಪಾಠದ ಸಾರ.

1. ಅಳತೆ

ರ್ಯಾಕಿನಲ್ಲಿ ಕೂಡುವ ಉಪಕರಣದ ಮುಖದ ಅಗಲ 19 ಇಂಚು, ಅಂದರೆ 48.26 ಸೆಂ.ಮೀ. ಎತ್ತರವನ್ನು 'ಯು' ಎಂಬ ಮಾನದಲ್ಲಿ ಎಣಿಸುತ್ತಾರೆ. 1 ಯು ಎಂದರೆ 1.75 ಇಂಚು. 6 ಯು ರ್ಯಾಕಿನಲ್ಲಿ ಉಪಕರಣಗಳಿಗೆ ಸಿಗುವ ಎತ್ತರ 6 × 1.75 = 10.5 ಇಂಚು. ಈ ಅಳತೆ ಎಲ್ಲ ದೇಶಗಳಲ್ಲೂ ಒಂದೇ. ಅದಕ್ಕೇ ಒಂದು ಕಂಪನಿಯ ಸ್ವಿಚ್ಚು ಇನ್ನೊಂದು ಕಂಪನಿಯ ರ್ಯಾಕಿಗೆ ಸರಿಯಾಗಿ ಕೂಡುತ್ತದೆ. 4 ಯು ಸಾಮಾನು ಇದ್ದರೆ 6 ಯು ರ್ಯಾಕ್ ತರಬೇಕು. ಉಳಿದ ಜಾಗ ಗಾಳಿಗೆ ಮತ್ತು ಮುಂದಿನ ಅವಶ್ಯಕತೆಗೆ.

2. ನಮ್ಮ ಗೋಡೆಯ ಗುಣ

ಬೀದರ ನಿಂತಿರುವುದು ಜಂಬಿಟ್ಟಿಗೆ ಎಂಬ ಕೆಂಪುಕಲ್ಲಿನ ಪ್ರಸ್ಥಭೂಮಿಯ ಮೇಲೆ. ಫ್ರಾನ್ಸಿಸ್ ಬುಕಾನನ್ ಎಂಬಾತ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ, ಕೇರಳದ ಅಂಗಾಡಿಪುರಂನಲ್ಲಿ ಕಂಡ ಇಂಥ ಕಲ್ಲಿಗೆ 'ಲ್ಯಾಟರೈಟ್' ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ನೆಲದೊಳಗೆ ಮೆತ್ತಗಿದ್ದು, ಕಡಿದು ಗಾಳಿಗಿಟ್ಟ ಮೇಲೆ ಗಟ್ಟಿಯಾಗುವುದು ಈ ಕಲ್ಲಿನ ಗುಣ. ನೌಬಾದಿನ ಕರೇಜ್ ಎಂಬ ನೀರಿನ ಸುರಂಗವನ್ನು ನಮ್ಮ ಹಿರಿಯರು ಇದೇ ನೆಲದಲ್ಲಿ ಕೊರೆದರು.

ಕೊರೆಯಲು ಅನುಕೂಲವಾದ ಈ ಗುಣವೇ ರ್ಯಾಕಿಗೆ ತೊಂದರೆ. ಕೆಂಪುಕಲ್ಲಿನ ಮೈ ತುಂಬ ತೂತುಗಳು. ಆ್ಯಂಕರ್ ಬೋಲ್ಟ್ ತೂತಿನೊಳಗೆ ಹಿಗ್ಗಿ, ಸುತ್ತಲ ಗೋಡೆಯನ್ನು ಒತ್ತಿ ಹಿಡಿದು ನಿಲ್ಲುತ್ತದೆ. ಕಾಂಕ್ರೀಟಿನಲ್ಲಿ ಚೆನ್ನಾಗಿ ಹಿಡಿಯುತ್ತದೆ. ಮೆತ್ತನ ಕಲ್ಲಿನಲ್ಲಿ, ಟೊಳ್ಳು ಬ್ಲಾಕಿನಲ್ಲಿ ಹಿಗ್ಗಿದಂಗ ಗೋಡೆನೇ ಒಡೀತದ. ಮೊದಲ ದಿನ ಬಿಗಿ ಅನಸ್ತದ, ನಾಲ್ಕು ತಿಂಗಳಿಗೆ ಸಡಿಲ ಆಗ್ತದ.

ಗೋಡೆಯ ಪರೀಕ್ಷೆ ಹೀಗೆ: ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಡಬಡಬ ಅಂದರೆ ಒಳಗೆ ಟೊಳ್ಳು, ಇಲ್ಲವೇ ಗಿಲಾವು ಬಿಟ್ಟಿದೆ. ಒಂದು ಸಣ್ಣ ತೂತು ಕೊರೆದು ಪುಡಿ ನೋಡಿರಿ. ಡ್ರಿಲ್ ಒಮ್ಮೆಲೇ ಒಳಗೆ ಜಾರಿದರೆ ಅಲ್ಲಿ ಪೊಳ್ಳು ಇದೆ. ಕೆಂಪು ಪುಡಿ ಹಗುರವಾಗಿ ಉದುರುತ್ತಿದ್ದರೆ ಕಲ್ಲು ಮೆತ್ತಗಿದೆ.

ಇಂಥ ಗೋಡೆಗೆ ಉಪಾಯ ಮೂರು:
ಅ) ಗೋಡೆಯ ಆಚೆ ಬದಿಗೆ ಹಾಯುವ ಉದ್ದ ಬೋಲ್ಟ್ ಹಾಕಿ, ಅಲ್ಲಿ ಕಬ್ಬಿಣದ ಪಟ್ಟಿ ಕೊಟ್ಟು ನಟ್ ಬಿಗಿಯುವುದು.
ಆ) ಆ್ಯಂಗಲ್ ಕಬ್ಬಿಣದ ಚೌಕಟ್ಟನ್ನು ಹೀಗೇ ಹಲವು ಕಡೆ ಬಿಗಿದು, ಚೌಕಟ್ಟಿಗೆ ರ್ಯಾಕ್ ಕೂಡಿಸುವುದು. ಭಾರ ಹಂಚಿಹೋಗುತ್ತದೆ.
ಇ) ಮಣ್ಣಿನ ಗೋಡೆ, ಹಸಿ ಹಿಡಿದ ಗೋಡೆಯಾಗಿದ್ದರೆ ನೆಲದ ಮೇಲೆ ನಿಲ್ಲುವ ಸ್ಟ್ಯಾಂಡ್. ತೂಗುಹಾಕಲೇಬೇಕೆಂಬ ಹಟ ಬ್ಯಾಡ.

3. ಭಾರದ ಲೆಕ್ಕ

ತುಂಬಿದ ಕೊಡ ಸೊಂಟದ ಮೇಲಿದ್ದರೆ ಹಗುರ. ಅದನ್ನೇ ಕೈ ಚಾಚಿ ಹಿಡಿದರೆ ತೋಳು ಸೋಲುತ್ತದೆ. ಕೊಡದ ತೂಕ ಅಷ್ಟೇ, ಬದಲಾದದ್ದು ದೂರ. ರ್ಯಾಕಿಗೂ ಇದೇ ನಿಯಮ.

ರ್ಯಾಕಿನ ತೂಕ 25 ಕಿಲೋ, ಆಳ 45 ಸೆಂ.ಮೀ. ಇರಲಿ. ಭಾರದ ಕೇಂದ್ರ ನಡುವೆ ಇದ್ದರೆ ಗೋಡೆಯಿಂದ ಅದರ ದೂರ 22.5 ಸೆಂ.ಮೀ. ಪೆಟ್ಟಿಗೆ ಕೆಳ ಅಂಚಿನ ಮೇಲೆ ಮುಂದಕ್ಕೆ ಬಾಗಲು ನೋಡುತ್ತದೆ. ಕೆಳ ಅಂಚಿನಿಂದ ಮೇಲಿನ ಬೋಲ್ಟಿಗೆ 30 ಸೆಂ.ಮೀ. ಅಂತರವಿದ್ದರೆ, ಮೇಲಿನ ಬೋಲ್ಟುಗಳನ್ನು ಗೋಡೆಯಿಂದ ಹೊರಕ್ಕೆ ಎಳೆಯುವ ಬಲ:

25 × 22.5 ÷ 30 = 18.75 ಕಿಲೋ ಭಾರದಷ್ಟು.

ಇನ್ನೊಂದು ನೋಡ್ರಿ. 30 ಕಿಲೋ ತೂಕದ ಹುಡುಗ ರ್ಯಾಕಿನ ಮುಂದಿನ ಅಂಚಿಗೆ ಜೋತುಬಿದ್ದರೆ? 30 × 45 ÷ 30 = 45. ಒಟ್ಟು 63.75 ಕಿಲೋ! ಮೂರು ಪಟ್ಟಿಗಿಂತ ಹೆಚ್ಚು. ಆದ್ದರಿಂದ ಲೆಕ್ಕದ ನಾಲ್ಕು ಪಟ್ಟು, ಅಂದರೆ 75 ಕಿಲೋ ಎಳೆತ ತಡೆಯುವಂತೆ ಬಿಗಿಯಬೇಕು. ಬಾಗಿಲಿಗೆ ಬೀಗವೂ ಇರಬೇಕು.

4. ಕೂಡಿಸುವ ಕ್ರಮ

1) ಜಾಗ ಆರಿಸುವುದು. ಮಕ್ಕಳು ಕೂಡುವ ಬೆಂಚಿನ ಮೇಲೆ, ಬಾಗಿಲ ಮೇಲೆ, ಮಳೆಗೆ ಸೋರುವ ಕಡೆ ಬೇಡ. ನಡೆದಾಡದ ಮೂಲೆ ಒಳ್ಳೆಯದು. ಕೆಳ ಅಂಚು ಯಾರ ತಲೆಗೂ ತಾಕಬಾರದು.
2) ಗೋಡೆಯೊಳಗೆ ಕರೆಂಟಿನ ಪೈಪು, ನೀರಿನ ಪೈಪು ಎಲ್ಲಿ ಹಾದಿವೆ ಎಂದು ತಿಳಿಯುವುದು. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಕೊರೆಯಬಾರದು.
3) ಬಿಡಿ ಭಾಗಗಳನ್ನು ನೆಲಕ್ಕೆ ಹಾಸಿದ ಗೋಣಿಚೀಲದ ಮೇಲೆ ಜೋಡಿಸುವುದು. ತಗಡಿನ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಕೈಗವಸು ಬೇಕು. ಸ್ಕ್ರೂಗಳನ್ನು ಮೊದಲು ಸಡಿಲಾಗಿ ಕೂಡಿಸಿ, ಚೌಕಟ್ಟಿನ ಎರಡು ಕರ್ಣಗಳನ್ನು ಅಳೆಯಬೇಕು. ಎರಡೂ ಸಮ ಇದ್ದರೆ ಮೂಲೆಗಳು ಸರಿ. ಆಮೇಲೆ ಬಿಗಿಯುವುದು.
4) ರಸಮಟ್ಟ ಇಟ್ಟು ಗೆರೆ ಎಳೆದು ತೂತಿನ ಗುರುತು ಮಾಡುವುದು. ಕೊರೆಯುವಾಗ ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ. ತೂತಿನ ಧೂಳನ್ನು ಬ್ರಷ್ಷಿನಿಂದ ತೆಗೆಯಬೇಕು, ಬಾಯಿಂದ ಊದಬಾರದು.
5) ಬಾಗಿಲು, ಪಕ್ಕದ ತಗಡು ತೆಗೆದು, ಖಾಲಿ ಪೆಟ್ಟಿಗೆಯನ್ನು ಇಬ್ಬರು ಎತ್ತುವುದು. ಮೂರನೆಯವರು ಬೋಲ್ಟ್ ಹಾಕುವುದು. ಕುರ್ಚಿಯ ಮೇಲೆ ಸ್ಟೂಲು ಇಡಬಾರದು.
6) ತೊಟ್ಟಿಲು ಕಟ್ಟಿದ ಮೇಲೆ ಕೂಸಿನ್ನ ಹಾಕೋ ಮೊದಲು ಹಿರಿಯರು ಹಗ್ಗ ಜಗ್ಗಿ ನೋಡ್ತಾರ. ಹಂಗ, ಉಪಕರಣ ಇಡುವ ಮೊದಲು ರ್ಯಾಕನ್ನು ಕೆಳಕ್ಕೆ, ಮುಂದಕ್ಕೆ ಒತ್ತಿ ನೋಡಬೇಕು. ಬಿರುಕು ಕಂಡರೆ, ಪುಡಿ ಉದುರಿದರೆ ಇಳಿಸಬೇಕು.
7) ಭಾರದ ಸಾಮಾನು ಕೆಳಗೆ, ಹಗುರ ಮೇಲೆ. ಬ್ಯಾಟರಿಯ ಯುಪಿಎಸ್ ಬಹಳ ಭಾರ, ಅದು ನೆಲದ ಮೇಲೇ ಇರಲಿ.
8) ಗಾಳಿಯ ತೂತು ಮುಚ್ಚಬಾರದು. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆದರೆ ವೈರು ಬರುವ ಕಿಂಡಿಯ ಸುತ್ತ ಹಲ್ಲಿ, ಇಲಿ ನುಗ್ಗದಂತೆ ಮುಚ್ಚಬೇಕು.

5. ಕರೆಂಟು, ಸಿಡಿಲು, ಬೆಳಕು

ಪೆಟ್ಟಿಗೆ ಕಬ್ಬಿಣದ್ದು. ಒಳಗಿನ 230 ವೋಲ್ಟ್ ವೈರಿನ ಕವಚ ಸುಲಿದು ತಗಡಿಗೆ ತಾಕಿದರೆ, ಬಾಗಿಲು ಮುಟ್ಟಿದವರಿಗೆ ಶಾಕ್. ಅದಕ್ಕೆ ಅರ್ಥಿಂಗ್ ಕಡ್ಡಾಯ. ಬಣ್ಣದ ಮೂಲಕ ಕರೆಂಟು ಹರಿಯುವುದಿಲ್ಲ. ಆದ್ದರಿಂದ ಅರ್ಥ್ ವೈರು ಕೂಡುವಲ್ಲಿ ಬಣ್ಣ ಕೆರೆದು ಬಿಗಿಯಬೇಕು. ಬಾಗಿಲಿಗೂ, ಪಕ್ಕದ ತಗಡಿಗೂ ಬೇರೆ ಅರ್ಥ್ ವೈರು ಕೊಡಬೇಕು. ನಮ್ಮ ಕೆಂಪು ನೆಲ ಬೇಸಿಗೆಯಲ್ಲಿ ಬೇಗ ಒಣಗುತ್ತದೆ. ಒಣನೆಲ ಕರೆಂಟನ್ನು ಸರಿಯಾಗಿ ಒಳಗೆ ತೆಗೆದುಕೊಳ್ಳುವುದಿಲ್ಲ. ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕಬೇಕು. ಎರಡು ಪಿನ್ನಿನ ಪ್ಲಗ್ ಬೇಡವೇ ಬೇಡ.

ಗಾಜಿನ ಎಳೆಯಲ್ಲಿ ಕರೆಂಟು ಹರಿಯದು, ನಿಜ. ಆದರೆ ಕೆಲವು ಫೈಬರ್ ಕೇಬಲಿಗೆ ಉಕ್ಕಿನ ಕವಚ ಇರುತ್ತದೆ, ಸಿಡಿಲು ಅದರ ಮೂಲಕ ಒಳಗೆ ಬರಬಹುದು. ಆ ಕವಚಕ್ಕೂ ಅರ್ಥಿಂಗ್ ಬೇಕು.

ಫೈಬರಿನ ತುದಿಯನ್ನು ಎಂದೂ ಕಣ್ಣಿಗೆ ಹಿಡಿದು ನೋಡಬಾರದು. ಅದರಲ್ಲಿ ಬರುವ ಬೆಳಕು ಅವರೋಹಿತ, ಅಂದರೆ ಕೆಂಪು ಬಣ್ಣದ ಆಚೆಯದು. ಕಣ್ಣಿಗೆ ಕಾಣುವುದಿಲ್ಲ, ಹಾನಿ ಮಾತ್ರ ಮಾಡಬಹುದು. ಕತ್ತರಿಸಿದ ಗಾಜಿನ ಚೂರು ಕೂದಲಿನಷ್ಟು ಸಣ್ಣದು. ಚರ್ಮಕ್ಕೆ ಹೊಕ್ಕರೆ ಸಿಗುವುದು ಕಷ್ಟ. ಚೂರುಗಳನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಬೇಕು.

ನೆನಪಿಡಿ

ಈ ಕೆಲಸ ಗೌಂಡಿ ಮತ್ತು ವೈರ್‌ಮನ್ ಸೇರಿ ಮಾಡುವಂಥದ್ದು. ವಿದ್ಯಾರ್ಥಿಗಳು ದೂರ ನಿಂತು ನೋಡಬೇಕು, ಕಲಿಯಬೇಕು. ಆದರೆ "ಗೋಡೆ ಯಾವುದರದ್ದು? ಅರ್ಥಿಂಗ್ ಎಲ್ಲಿ ಕೊಟ್ಟೀರಿ?" ಅಂತ ಕೇಳಲಿಕ್ಕೆ ನಮಗೂ ಹಕ್ಕದ. ಯಾಕಂದ್ರ ಅದರ ಕೆಳಗ ಓಡಾಡೋರು ನಾವೇ.

ಅಭ್ಯಾಸ

1) 9 ಯು ರ್ಯಾಕಿನಲ್ಲಿ ಉಪಕರಣಗಳಿಗೆ ಸಿಗುವ ಎತ್ತರ ಎಷ್ಟು ಇಂಚು?
2) ತೂಕ 32 ಕಿಲೋ, ಭಾರದ ಕೇಂದ್ರ ಗೋಡೆಯಿಂದ 30 ಸೆಂ.ಮೀ., ಕೆಳ ಅಂಚಿನಿಂದ ಮೇಲಿನ ಬೋಲ್ಟಿಗೆ 40 ಸೆಂ.ಮೀ. ಹೊರಕ್ಕೆ ಎಳೆಯುವ ಬಲ ಎಷ್ಟು? ನಾಲ್ಕು ಪಟ್ಟು ಎಷ್ಟು?
3) ನಿಮ್ಮ ಮನೆಯ ಗೋಡೆ ಬಡಿದು ನೋಡಿ, ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂದು ಚಿತ್ರ ಬರೆಯಿರಿ.

(ಉತ್ತರ: 1) 15.75 ಇಂಚು. 2) 24 ಕಿಲೋ ಭಾರದಷ್ಟು, ನಾಲ್ಕು ಪಟ್ಟು 96 ಕಿಲೋ. 3) ಚಿತ್ರವನ್ನು ವಿಜ್ಞಾನದ ಗುರುಗಳಿಗೆ ತೋರಿಸಿರಿ.)