ರಾತ್ರಿ ಮೂರು ಸಲ ಏಳಿಸಿದ ನಳಿಕೆ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ರೂಮ್‌ಮೇಟ್ ಒಬ್ಬನ ಅಪ್ಪನ ರಕ್ತಪರೀಕ್ಷೆ ರಿಪೋರ್ಟ್ ವಾಟ್ಸಾಪಲ್ಲಿ ಬಂತು. ಕ್ರಿಯಾಟಿನಿನ್ 2.4. ಹಿಂದಿನ ವರ್ಷ 1.2 ಇತ್ತು. ಅದು ಲ್ಯಾಬಿನ ಲಿಮಿಟ್ ಒಳಗೇ ಇದ್ದದ್ದರಿಂದ ಯಾರೂ ತಲೆ ಕೆಡಿಸ್ಕೊಂಡಿರಲಿಲ್ಲ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ ಮಾತ್ರ ಬೇರೆ: "ರಾತ್ರಿ ಮೂತ್ರಕ್ಕೆ ಎಷ್ಟು ಸಲ ಏಳ್ತೀರಿ?" ಮೂರು ಸಲ, ಎರಡು ವರ್ಷದಿಂದ. ಮನೆಯವರು ವಯಸ್ಸಾಯ್ತು ಅಂದ್ಕೊಂಡಿದ್ರು. ಇದಕ್ಕೂ ಅದಕ್ಕೂ ಏನು ಸಂಬಂಧ ಅಂತ ನಾವು ನಾಲ್ಕು ಜನ ಹುಡುಕ್ತಾ ಕೂತ್ವಿ.

ಎರಡೂ ಕಿಡ್ನಿ ಸೇರಿದರೂ ದೇಹದ ತೂಕದ ಶೇ. 1 ಕೂಡ ಇಲ್ಲ. ಆದರೆ ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು, ಅಂದರೆ ನಿಮಿಷಕ್ಕೆ 1 ಲೀಟರ್‌ನಷ್ಟು, ಅವಕ್ಕೇ ಹೋಗುತ್ತೆ. ಒಂದೊಂದರಲ್ಲೂ ಸುಮಾರು 10 ಲಕ್ಷ ನೆಫ್ರಾನ್. ನೆಫ್ರಾನ್ ಅಂದ್ರೆ ಒಂದು ಜರಡಿ, ಅದಕ್ಕೆ ಅಂಟಿದ ಉದ್ದನೆಯ ನಳಿಕೆ. ಜರಡಿಗಳಿಂದ ದಿನಕ್ಕೆ ಇಳಿಯೋದು 180 ಲೀಟರ್. ಅದರಲ್ಲಿ ಶೇ. 99ನ್ನು ನಳಿಕೆಗಳು ರಕ್ತಕ್ಕೆ ವಾಪಸ್ ಎಳ್ಕೊಳ್ತವೆ. ಶಾಲೆಯಲ್ಲಿ ಕಿಡ್ನಿ ಅಂದ್ರೆ ಫಿಲ್ಟರ್ ಅಂತ ಬರೆದು ಮಾರ್ಕ್ಸ್ ತಗೊಂಡಿದ್ವಿ. ಹೆಚ್ಚಿನ ದುಡಿಮೆ ನಳಿಕೆಯದ್ದು.

ನಮ್ಮ ಭಾಷೆಯಲ್ಲೇ ಹೇಳೋದಾದರೆ, ನೆಫ್ರಾನ್‌ಗಳೆಲ್ಲ ಪ್ಯಾರಲಲ್, ಆದರೆ ಜರಡಿ ಮತ್ತು ನಳಿಕೆಯ ರಕ್ತನಾಳಗಳು ಸೀರೀಸ್. ಜರಡಿ ದಾಟಿದ ರಕ್ತವೇ ಮುಂದೆ ನಳಿಕೆಗಳಿಗೆ ಆಮ್ಲಜನಕ ಕೊಡಬೇಕು. ಜರಡಿ ಗಾಯವಾಗಿ ಮುಚ್ಚಿಕೊಂಡರೆ ಮುಂದಿನ ಸಪ್ಲೈ ಕೂಡ ಕಟ್. ಮೂತ್ರವನ್ನು ಗಟ್ಟಿ ಮಾಡುವ ಒಳಪದರಕ್ಕಂತೂ ಕಿಡ್ನಿಗೆ ಬರುವ ರಕ್ತದಲ್ಲಿ ಹತ್ತನೇ ಒಂದು ಪಾಲಷ್ಟೇ ಸಿಗುತ್ತೆ. ಆರೋಗ್ಯವಾಗಿದ್ದಾಗಲೂ ಅದು ಆಮ್ಲಜನಕದ ಕೊರತೆಯ ಅಂಚಲ್ಲೇ ಬದುಕುತ್ತೆ.

ಈಗ ಲೆಕ್ಕ. ದಿನಕ್ಕೆ ಹೊರಹಾಕಬೇಕಾದ ಕರಗಿದ ಪದಾರ್ಥ ಸುಮಾರು 600 ಮಿಲಿಆಸ್ಮೋಲ್ ಅಂತ ಇಟ್ಕೊಳ್ಳಿ. ಒಳ್ಳೆ ಕಿಡ್ನಿ ಲೀಟರಿಗೆ 1200ರ ತನಕ ಗಟ್ಟಿ ಮಾಡುತ್ತೆ, ಅರ್ಧ ಲೀಟರ್ ನೀರು ಸಾಕು. ನಳಿಕೆ ಸೋತು ಆ ಮಿತಿ 300ಕ್ಕೆ ಇಳಿದರೆ ಅದೇ ಕಸಕ್ಕೆ 2 ಲೀಟರ್ ಬೇಕು. ರಾತ್ರಿ ಕಡಿಮೆ ಬರಬೇಕಾದ ಮೂತ್ರ ಹಗಲಿನಷ್ಟೇ ಬರುತ್ತೆ. ಸಕ್ಕರೆ ಕಾಯಿಲೆ, ಪ್ರಾಸ್ಟೇಟ್ ತೊಂದರೆಯಿಂದಲೂ ಹೀಗಾಗುತ್ತೆ. ಅಂಕಲ್‌ಗೆ ಅವೆರಡೂ ಇಲ್ಲ ಅಂತ ಪರೀಕ್ಷೆಯಲ್ಲಿ ಗೊತ್ತಾಯ್ತು.

ಹಾಗಿದ್ರೆ ಕ್ರಿಯಾಟಿನಿನ್ ಯಾಕೆ ಸುಮ್ಮನಿತ್ತು? ಮೊದಮೊದಲು ಉಳಿದ ನೆಫ್ರಾನ್‌ಗಳು ಹೆಚ್ಚು ರಕ್ತ, ಹೆಚ್ಚು ಒತ್ತಡ ತಗೊಂಡು ಸತ್ತವುಗಳ ಕೆಲಸವನ್ನೂ ಮಾಡ್ತವೆ. ಆ ಓವರ್‌ಲೋಡ್‌ಗೆ ಅವೂ ಸವೆಯುತ್ತವೆ. ಜೊತೆಗೆ ಕ್ರಿಯಾಟಿನಿನ್‌ಗೂ ಸೋಸುವ ವೇಗಕ್ಕೂ ಇರೋದು ಹೆಚ್ಚುಕಮ್ಮಿ y = 1/x ಸಂಬಂಧ. ಅಂಕಲ್‌ದು ಐದು ವರ್ಷದ ಹಿಂದೆ 0.8. ಅದು 1.2 ಆದಾಗಲೇ ಸೋಸುವ ಶಕ್ತಿ ಮೂರನೇ ಒಂದು ಭಾಗ ಹೋಗಿತ್ತು, ರಿಪೋರ್ಟಲ್ಲಿ ಮಾತ್ರ ನಾರ್ಮಲ್. 2.4ಕ್ಕೆ ಬಂದಾಗ ಉಳಿದದ್ದೇ ಮೂರನೇ ಒಂದು. ಒಂದೇ ರಿಪೋರ್ಟ್ ನೋಡದೆ ಮೂರನ್ನೂ ಪಕ್ಕಪಕ್ಕ ಇಟ್ಟಿದ್ರೆ ನಮಗೂ ಕಾಣ್ತಿತ್ತು.

ಇನ್ನೊಂದು ವಿಷಯ ಹಾಸ್ಟೆಲಿಗೂ ಬೇಕು. ಮೈಯಲ್ಲಿ ನೀರು ಕಮ್ಮಿಯಾದಾಗ ಜರಡಿಗೆ ರಕ್ತ ತರುವ ನಾಳವನ್ನು ತೆರೆದಿಡೋದು ಪ್ರೋಸ್ಟಗ್ಲಾಂಡಿನ್. ಐಬುಪ್ರೊಫೆನ್, ಡೈಕ್ಲೊಫೆನಾಕ್ ಅದನ್ನೇ ತಡೀತವೆ. ಮಂಡಿನೋವಿಗೆ ಅಂಕಲ್ ದಿನಾ ನುಂಗ್ತಿದ್ದ ಮಾತ್ರೆ ಅದೇ ಜಾತಿದು. ಡಾಕ್ಟರ್ ನಿಲ್ಲಿಸಿದ್ದಾರೆ. ಈಗ ಅವರು ರಾತ್ರಿ ಎದ್ದ ಲೆಕ್ಕವನ್ನು ಕ್ಯಾಲೆಂಡರ್ ಮೇಲೆ ಪೆನ್ಸಿಲಲ್ಲಿ ಗುರುತು ಹಾಕ್ತಾರೆ. ಭಾನುವಾರ ಮಗ ಫೋನ್ ಮಾಡಿದಾಗ ಮೊದಲು ಕೇಳೋದು ಅದನ್ನೇ.