ಮದುವೆ ಮುರಿದಾಗ ಯಾರ ಬಳಿ ಹೋಗಬೇಕು?

ಕ್ರೈಸ್ತ ವಿವಾಹ ಒಂದು ಸಂಸ್ಕಾರ, ಅದು ಸಾಯುವ ತನಕದ ಬಂಧ ಎಂಬುದನ್ನು ನಾವು ಜ್ಞಾನೋಪದೇಶದ ತರಗತಿಯಲ್ಲೇ ಕಲಿತವರು. ಈ ಬೋಧನೆ ಬದಲಾಗಿಲ್ಲ, ಬದಲಾಗುವಂಥದ್ದೂ ಅಲ್ಲ. ಆದರೆ ಕುಡಿದು ಬಂದು ಹೊಡೆಯುವ ಗಂಡನನ್ನು ಬಿಟ್ಟು, ಎರಡು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದ ಹೆಣ್ಣುಮಗಳಿಗೆ ಈ ಬೋಧನೆಯನ್ನಷ್ಟೇ ಒಪ್ಪಿಸಿ ಸುಮ್ಮನಾದರೆ, ಆಕೆಗೆ ಸಲ್ಲಬೇಕಾದ ನ್ಯಾಯವನ್ನು ನಾವು ತಪ್ಪಿಸಿದಂತಾಗುತ್ತದೆ. ಧರ್ಮಸಭೆಯ ಕಾನೂನು ಸಂಹಿತೆಯೇ, ಸಂಗಾತಿಯಿಂದ ದೇಹಕ್ಕೋ ಆತ್ಮಕ್ಕೋ ದೊಡ್ಡ ಅಪಾಯವಿರುವಾಗ ಬೇರೆ ಇರಲು ಅನುಮತಿ ಕೊಡುತ್ತದೆ. 1992ರಲ್ಲಿ ಹೊರಬಂದ ಧರ್ಮೋಪದೇಶ ಗ್ರಂಥ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತನ್ನ ಹಕ್ಕು, ಮಕ್ಕಳ ಪಾಲನೆ ಅಥವಾ ಆಸ್ತಿಯ ರಕ್ಷಣೆಗೆ ಸರ್ಕಾರಿ ವಿಚ್ಛೇದನವೊಂದೇ ದಾರಿಯಾಗಿದ್ದರೆ ಅದನ್ನು ಸಹಿಸಬಹುದು, ಅದು ಪಾಪವಾಗುವುದಿಲ್ಲ ಎಂದು ತಿಳಿಸುತ್ತದೆ. ಈ ಮಾತು ನಮ್ಮ ಮನೆಗಳಿಗೆ ಇನ್ನೂ ಮುಟ್ಟಿದಂತೆ ಕಾಣುವುದಿಲ್ಲ.

ನಮ್ಮ ಕಡೆ ಬೇರೆಯೇ ಒಂದು ರೂಢಿ ಇದೆ. ಗಂಡ ಹೆಂಡಿರಿಗೆ ಹೊಂದಾಣಿಕೆ ಆಗದಿದ್ದರೆ ಹಿರಿಯರು ಕೂಡುತ್ತಾರೆ, ಛಾಪಾ ಕಾಗದದ ಮೇಲೆ ಸೋಡಚೀಟಿ ಬರೆಸುತ್ತಾರೆ, ಇಬ್ಬರ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸುತ್ತಾರೆ. ‘ಆತು, ಇನ್ನ ನಿನ್ನ ದಾರಿ ನಿನಗ, ಅವನ ದಾರಿ ಅವನಿಗೆ’ ಎಂದು ಎದ್ದು ಹೋಗುತ್ತಾರೆ. ನೋಟರಿಯ ಮುದ್ರೆ ಬಿದ್ದರಂತೂ ಕೋರ್ಟಿನ ತೀರ್ಪೇ ಬಂದಷ್ಟು ಧೈರ್ಯ. ಕ್ರೈಸ್ತ ವಿವಾಹದ ಮಟ್ಟಿಗೆ ಈ ಕಾಗದಕ್ಕೆ ಬೆಲೆಯಿಲ್ಲ. ಅದನ್ನು ನಂಬಿ ಮತ್ತೊಂದು ಮದುವೆಯಾದರೆ ಆ ಮದುವೆ ಕಾನೂನಿನ ಮುಂದೆ ನಿಲ್ಲದು. ಅಷ್ಟೇ ಅಲ್ಲ, ಸಂಗಾತಿ ಬದುಕಿರುವಾಗ ಮರುಮದುವೆಯಾದ ಅಪರಾಧಕ್ಕೆ ಏಳು ವರ್ಷಗಳ ತನಕ ಸೆರೆವಾಸವಿದೆ.

ಇನ್ನೊಂದು ತಪ್ಪು ತಿಳಿವಳಿಕೆ ಓದಿದವರಲ್ಲೂ ಇದೆ. ಧರ್ಮಸಭೆಯ ನ್ಯಾಯಮಂಡಳಿ ‘ಈ ವಿವಾಹ ಮೊದಲಿನಿಂದಲೇ ಅಸಿಂಧು’ ಎಂದು ತೀರ್ಪು ಕೊಟ್ಟರೆ ಎಲ್ಲವೂ ಮುಗಿಯಿತು ಎಂದು ಅವರು ತಿಳಿಯುತ್ತಾರೆ. ಹಾಗಲ್ಲ. 1996ರಲ್ಲಿ ಮೋಲಿ ಜೋಸೆಫ್ ಮತ್ತು ಜಾರ್ಜ್ ಸೆಬಾಸ್ಟಿಯನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಚರ್ಚಿನ ನ್ಯಾಯಮಂಡಳಿಯ ತೀರ್ಪಿನಿಂದ ದೇಶದ ಕಾನೂನಿನಡಿ ಮದುವೆ ರದ್ದಾಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಇದನ್ನು ಬದಲಿಸಬೇಕೆಂದು ನಮ್ಮ ರಾಜ್ಯದವರೇ ಪ್ರಯತ್ನಿಸಿದರು. ಕರ್ನಾಟಕದ ಕ್ಯಾಥೊಲಿಕ್ ಸಂಘಟನೆಯೊಂದರ ಮಾಜಿ ಅಧ್ಯಕ್ಷರಾದ ಕ್ಲಾರೆನ್ಸ್ ಪಾಯಸ್ ಅವರು, ಧರ್ಮಸಭೆಯ ನ್ಯಾಯಮಂಡಳಿಯ ತೀರ್ಪಿಗೆ ಸರ್ಕಾರಿ ಮಾನ್ಯತೆ ಸಿಗಬೇಕು, ಇಲ್ಲವಾದರೆ ಅದನ್ನು ನಂಬಿ ಮರುಮದುವೆಯಾದ ಕ್ಯಾಥೊಲಿಕರು ಅಪರಾಧಿಗಳಾಗುತ್ತಾರೆ ಎಂದು ಸುಪ್ರೀಂ ಕೋರ್ಟಿನ ಮೊರೆ ಹೋದರು. 2017ರ ಜನವರಿಯಲ್ಲಿ ನ್ಯಾಯಾಲಯ ಆ ಅರ್ಜಿಯನ್ನು ವಜಾ ಮಾಡಿತು. ಅವರ ಆತಂಕ ನಿಜವಾದದ್ದೇ ಆಗಿತ್ತು. ಆದರೆ ಉತ್ತರ ಹಳೆಯದೇ ಬಂತು. ಹೀಗಾಗಿ ಕ್ಯಾಥೊಲಿಕರಿಗೆ ಎರಡು ಬಾಗಿಲುಗಳಿವೆ. ಒಂದನ್ನು ತಟ್ಟಿದರೆ ಇನ್ನೊಂದು ತಾನಾಗಿ ತೆರೆಯುವುದಿಲ್ಲ.

ಸರ್ಕಾರಿ ಬಾಗಿಲನ್ನು ಮೊದಲು ನೋಡೋಣ. ಕ್ರೈಸ್ತರಿಗೆ ಅನ್ವಯಿಸುವುದು 1869ರ ವಿಚ್ಛೇದನ ಕಾಯ್ದೆ. ಹಿಂದೆ ಅದು ಹೆಣ್ಣಿಗೆ ಬಲು ಕಠಿಣವಾಗಿತ್ತು. ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ಸಾಕಿತ್ತು. ಹೆಂಡತಿಯಾದರೆ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ತೊರೆದು ಹೋದದ್ದನ್ನೋ ಸಾಬೀತು ಮಾಡಬೇಕಿತ್ತು. ಜಿಲ್ಲಾ ನ್ಯಾಯಾಲಯ ಕೊಟ್ಟ ತೀರ್ಪನ್ನು ಹೈಕೋರ್ಟು ಮತ್ತೆ ಸ್ಥಿರೀಕರಿಸಬೇಕಿತ್ತು. 1997ರಲ್ಲಿ ಗದಗ ಜಿಲ್ಲೆಯಾಗುವ ಮುನ್ನ ರೋಣ ತಾಲ್ಲೂಕಿನವರು ಜಿಲ್ಲಾ ಕೇಂದ್ರವೆಂದು ಧಾರವಾಡಕ್ಕೆ ಓಡಾಡಬೇಕಿತ್ತು, ಆಮೇಲೆ ಕಡತ ಬೆಂಗಳೂರಿಗೆ. ಯಾರು ತಾನೇ ಹೋದಾರು? 2001ರ ತಿದ್ದುಪಡಿ ಗಂಡುಹೆಣ್ಣಿಗೆ ಸಮಾನ ಕಾರಣಗಳನ್ನು ಕೊಟ್ಟಿತು, ಹೈಕೋರ್ಟಿನ ಸ್ಥಿರೀಕರಣವನ್ನು ತೆಗೆದುಹಾಕಿತು. ಈಗ ಕ್ರೌರ್ಯವೊಂದೇ ಸಾಕು, ಎರಡು ವರ್ಷ ತೊರೆದು ಹೋದದ್ದೊಂದೇ ಸಾಕು. ಇಬ್ಬರೂ ಒಪ್ಪಿ ಜಂಟಿಯಾಗಿ ಅರ್ಜಿ ಹಾಕಲೂ ಅವಕಾಶವಾಯಿತು. ಅದಕ್ಕೆ ಕಾಯ್ದೆಯಲ್ಲಿ ಎರಡು ವರ್ಷ ಬೇರೆಯಿದ್ದಿರಬೇಕು ಎಂದಿತ್ತು. ಬೇರೆ ಧರ್ಮದವರಿಗೆ ಒಂದೇ ವರ್ಷವಿರುವಾಗ ಕ್ರೈಸ್ತರಿಗೇಕೆ ಎರಡು ಎಂದು ಕರ್ನಾಟಕ ಹೈಕೋರ್ಟು 2014ರಲ್ಲಿ ಅದನ್ನು ಒಂದು ವರ್ಷಕ್ಕೆ ಇಳಿಸಿತು.

ವಿಚ್ಛೇದನ ಎಂಬ ಶಬ್ದಕ್ಕೇ ಮನಸ್ಸು ಹಿಂಜರಿಯುವವರಿಗೆ ಅದೇ ಕಾಯ್ದೆಯಲ್ಲಿ ‘ನ್ಯಾಯಿಕ ಬೇರ್ಪಡೆ’ ಎಂಬುದೂ ಇದೆ. ಮದುವೆ ಉಳಿಯುತ್ತದೆ, ಕೂಡಿ ಬಾಳುವ ಕರ್ತವ್ಯ ಮಾತ್ರ ಇರುವುದಿಲ್ಲ. ಜೀವನಾಂಶ ಮತ್ತು ಮಕ್ಕಳ ವಿಷಯವನ್ನು ಅದರೊಳಗೇ ಕೇಳಬಹುದು. ವಕೀಲರು ಇದನ್ನು ತಾವಾಗಿ ಹೇಳುವುದು ಕಡಿಮೆ; ನಾವೇ ಕೇಳಬೇಕು.

ಈಗ ದುಡ್ಡಿನ ಮಾತು. ‘ಕೋರ್ಟಿನ ಮೆಟ್ಟಿಲು ಹತ್ತಾಕ ನಮ್ಮ ಕಡೆ ರೊಕ್ಕ ಎಲ್ಲೈತ್ರಿ?’ ಎಂಬ ಪ್ರಶ್ನೆಗೆ ಉತ್ತರ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿದೆ. 1995ರ ನವೆಂಬರ್ 9ರಂದು ಜಾರಿಗೆ ಬಂದ ಈ ಕಾಯ್ದೆಯಂತೆ ಯಾವುದೇ ಹೆಣ್ಣುಮಗಳಿಗೆ ಉಚಿತ ವಕೀಲರು ಸಿಗುತ್ತಾರೆ. ಆಕೆಯ ಆದಾಯವನ್ನು ಕೇಳುವಂತಿಲ್ಲ, ತವರಿಗೆ ಹೊಲವಿದೆಯೇ ಎಂದೂ ಕೇಳುವಂತಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೆಯೇ. ಉಳಿದ ಗಂಡಸರಿಗೆ ಆದಾಯದ ಮಿತಿ ಇದೆ. ವಕೀಲರ ಫೀಸಷ್ಟೇ ಅಲ್ಲ, ಕೋರ್ಟು ಶುಲ್ಕ, ಟೈಪಿಂಗು, ನಕಲು ಪ್ರತಿಗಳ ಖರ್ಚೂ ಇದರಲ್ಲಿ ಸೇರುತ್ತದೆ.

ಲಕ್ಕಲಕಟ್ಟಿಯ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಹೊರಟಳು ಎಂದಿಟ್ಟುಕೊಳ್ಳಿ. ಹತ್ತಿರದ ಜಾಗ ರೋಣದ ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿ. ಜಿಲ್ಲಾ ಪ್ರಾಧಿಕಾರ ಗದಗಿನ ಜಿಲ್ಲಾ ನ್ಯಾಯಾಲಯದಲ್ಲಿದೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ಹಣವೂ ಇಲ್ಲ. ಅರ್ಜಿಯನ್ನು ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದರೆ ಸಾಕು. ಬರೆಯಲು ಬಾರದಿದ್ದರೆ ಬಾಯಿಮಾತಿನಲ್ಲಿ ಹೇಳಿ ಬರೆಸಿಕೊಳ್ಳಬಹುದು. ಹೋಗುವ ಮೊದಲು ಫೋನಿನಲ್ಲಿ ಕೇಳಬೇಕೆಂದರೆ 15100 ಎಂಬ ಸಂಖ್ಯೆ ಇದೆ. ಕೈಯಲ್ಲಿ ಧರ್ಮಕೇಂದ್ರದಿಂದ ಪಡೆದ ವಿವಾಹದ ಪ್ರಮಾಣಪತ್ರ, ಮಕ್ಕಳ ಜನನ ಪತ್ರ, ಆಧಾರ್ ಕಾರ್ಡು, ಮದುವೆಯ ಫೋಟೋ, ಪೆಟ್ಟು ಬಿದ್ದು ಆಸ್ಪತ್ರೆಗೆ ಹೋಗಿದ್ದರೆ ಅಲ್ಲಿಯ ಚೀಟಿ ಇರಲಿ. ಆಸ್ಪತ್ರೆಯ ಚೀಟಿಯನ್ನು ನಮ್ಮವರು ನಾಚಿಕೆಗೆ ಹರಿದು ಎಸೆಯುತ್ತಾರೆ. ಹಾಗೆ ಮಾಡಬಾರದು, ನಾಲ್ಕು ಗೋಡೆಯೊಳಗೆ ನಡೆದದ್ದಕ್ಕೆ ಅನೇಕ ಸಲ ಅದೊಂದೇ ಸಾಕ್ಷಿ. ನೇಮಕಗೊಂಡ ವಕೀಲರು ಕೈಬಿಸಿ ಮಾಡಿರೆಂದು ಕೇಳಿದರೆ ಕೊಡಬೇಕಾಗಿಲ್ಲ, ನೇಮಿಸಿದ ಸಮಿತಿಗೆ ದೂರು ಕೊಡಬಹುದು.

ಎಲ್ಲಿ ಮೊಕದ್ದಮೆ ಹೂಡಬೇಕು ಎಂಬುದರಲ್ಲಿ ನಮ್ಮ ಭಾಗದವರು ಎಡವುತ್ತಾರೆ. ದುಡಿಯಲು ಗೋವೆಗೋ ಮಂಗಳೂರಿಗೋ ಬೆಂಗಳೂರಿಗೋ ಹೋದವರು ಮನೆಮನೆಯಲ್ಲಿದ್ದಾರೆ. ಕ್ರೈಸ್ತರ ಕಾಯ್ದೆಯಂತೆ ವಿಚ್ಛೇದನದ ಅರ್ಜಿಯನ್ನು ಮದುವೆ ನಡೆದ ಜಾಗದ, ಇಬ್ಬರೂ ವಾಸವಿರುವ ಜಾಗದ, ಅಥವಾ ಕೊನೆಯದಾಗಿ ಕೂಡಿ ವಾಸವಿದ್ದ ಜಾಗದ ಜಿಲ್ಲಾ ನ್ಯಾಯಾಲಯದಲ್ಲಿ ಹಾಕಬೇಕು; ಕುಟುಂಬ ನ್ಯಾಯಾಲಯವಿದ್ದರೆ ಅಲ್ಲಿ. ಹೆಂಡತಿ ಈಗ ತವರಲ್ಲಿದ್ದಾಳೆ ಎಂಬುದೊಂದೇ ಸಾಲದು. ಮದುವೆ ಗದಗ ಜಿಲ್ಲೆಯ ಚರ್ಚಿನಲ್ಲೇ ಆಗಿದ್ದರೆ ಗಂಡ ಎಲ್ಲಿದ್ದರೂ ಇಲ್ಲಿಯೇ ಹಾಕಬಹುದು. ಗೋವೆಯಲ್ಲಿಯೇ ಮದುವೆಯಾದವರಿಗೆ ಅಲ್ಲಿಯ ಕಾನೂನು ಬೇರೆ, ಅಲ್ಲಿಯ ವಕೀಲರನ್ನೇ ವಿಚಾರಿಸಬೇಕು.

ಆದರೆ ಹೊಟ್ಟೆಯ ಪ್ರಶ್ನೆ ವಿಚ್ಛೇದನದ ತನಕ ಕಾಯುವುದಿಲ್ಲ. ಜೀವನಾಂಶಕ್ಕೆ ವಿಚ್ಛೇದನ ಬೇಕೆಂಬ ನಿಯಮವೇ ಇಲ್ಲ. ಹಿಂದೆ ‘ನೂರಾ ಇಪ್ಪತ್ತೈದು’ ಎಂದು ಎಲ್ಲರ ಬಾಯಲ್ಲಿದ್ದ ಕಲಮು 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ 144ನೆಯ ಕಲಮಾಗಿದೆ. ಅದರಡಿ ಹೆಂಡತಿ ತಾನು ಈಗ ವಾಸವಿರುವ ಸ್ಥಳದ ನ್ಯಾಯಾಲಯದಲ್ಲಿಯೇ ತನಗೂ ಮಕ್ಕಳಿಗೂ ಜೀವನಾಂಶ ಕೇಳಬಹುದು. ಮೊಕದ್ದಮೆ ಮುಗಿಯುವ ತನಕ ಮಧ್ಯಂತರ ಜೀವನಾಂಶವನ್ನೂ ಕೇಳಬೇಕು. 2020ರ ನವೆಂಬರಿನಲ್ಲಿ ರಜನೀಶ್ ಮತ್ತು ನೇಹಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಇಬ್ಬರೂ ತಮ್ಮ ಆದಾಯ ಆಸ್ತಿಗಳ ಪ್ರಮಾಣಪತ್ರ ಸಲ್ಲಿಸಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು ಎಂದು ವಿಧಿಸಿದೆ. ಆದ್ದರಿಂದ ಅರ್ಜಿಯನ್ನು ಆರು ತಿಂಗಳು ಮುಂದೂಡಿದರೆ ಆರು ತಿಂಗಳ ಹಣ ಹೋಯಿತೆಂದೇ ಲೆಕ್ಕ.

ಹೊಡೆತ ಬಡಿತ ಇರುವಲ್ಲಿ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಇದಕ್ಕೆ ಸಂರಕ್ಷಣಾಧಿಕಾರಿಗಳು. ಆ ಕಚೇರಿಯ ದಾರಿ ಊರಿನ ಅಂಗನವಾಡಿ ಕಾರ್ಯಕರ್ತೆಗೆ ಗೊತ್ತಿರುತ್ತದೆ. ತಕ್ಷಣದ ಸಹಾಯಕ್ಕೆ 181ಕ್ಕೆ ಫೋನು ಮಾಡಬಹುದು.

ರಾಜಿ ಒಳ್ಳೆಯದೇ. ನ್ಯಾಯಾಲಯವೂ ಮೊದಲು ಕೂಡಿಸಲು ನೋಡುತ್ತದೆ. ಆದರೆ ಲೋಕ ಅದಾಲತ್ತಿನಲ್ಲಿ ಜೀವನಾಂಶದ ಮೊತ್ತಕ್ಕೆ ಒಪ್ಪಿ ಸಹಿ ಹಾಕಿದರೆ ಅದರ ಮೇಲೆ ಅಪೀಲು ಇಲ್ಲ. ಓದಿಸಿ ಕೇಳದೆ, ಮಕ್ಕಳ ಓದಿನ ಖರ್ಚನ್ನು ಲೆಕ್ಕ ಹಾಕದೆ, ‘ಹಿರಿಯರು ಹೇಳ್ಯಾರ’ ಎಂದು ಸಹಿ ಹಾಕಬೇಡಿರಿ.

ಇನ್ನು ಎರಡನೆಯ ಬಾಗಿಲು. ನ್ಯಾಯಾಲಯದ ವಿಚ್ಛೇದನ ಬಂದ ಮೇಲೂ ಧರ್ಮಸಭೆಯ ಕಣ್ಣಿನಲ್ಲಿ ವಿವಾಹ ಉಳಿದೇ ಇರುತ್ತದೆ. ಬೇರೆಯಾದ ಅಥವಾ ವಿಚ್ಛೇದನ ಪಡೆದ ಮಾತ್ರಕ್ಕೆ ಯಾರೂ ಪರಮಪ್ರಸಾದದಿಂದ ದೂರವಾಗುವುದಿಲ್ಲ. ಮರುಮದುವೆಯಾಗದೆ ಬಾಳುತ್ತಿರುವವರು ಬಲಿಪೂಜೆಯಲ್ಲಿ ಹಿಂದಿನ ಬೆಂಚಿನಲ್ಲಿ ಮುಖ ಮುಚ್ಚಿಕೊಂಡು ಕೂರಬೇಕಾಗಿಲ್ಲ. ಆ ಅವಸ್ಥೆಯನ್ನು ತಂದವರು ಧರ್ಮಸಭೆಯಲ್ಲ, ನೆರೆಹೊರೆಯ ನಾಲಿಗೆ. ಮತ್ತೆ ಚರ್ಚಿನಲ್ಲಿ ಮದುವೆಯಾಗಬೇಕೆನ್ನುವವರು ಮಾತ್ರ ಧರ್ಮಸಭೆಯ ನ್ಯಾಯಮಂಡಳಿಗೆ ಹೋಗಬೇಕು. ಅಲ್ಲಿ ಕೇಳುವ ಪ್ರಶ್ನೆಯೇ ಬೇರೆ. ಮದುವೆಯ ನಂತರ ಏನು ಕೆಟ್ಟಿತು ಎಂಬುದಲ್ಲ, ಮದುವೆಯ ದಿನ ಕೊಟ್ಟ ಒಪ್ಪಿಗೆ ನಿಜವಾದ ಒಪ್ಪಿಗೆಯಾಗಿತ್ತೇ ಎಂಬುದು. ಹೆದರಿಸಿ ಕೊಟ್ಟ ಮದುವೆಯೇ? ದೊಡ್ಡದೊಂದು ವಿಷಯ ಬಚ್ಚಿಟ್ಟು ಮೋಸದಿಂದ ಮಾಡಿದ್ದೇ? ಮದುವೆಯ ಹೊಣೆ ಹೊರುವ ಮನಸ್ಥಿತಿ ಆಗ ಇತ್ತೇ? ಆದ್ದರಿಂದ ಸಾಕ್ಷಿಗಳೂ ಆ ದಿನಗಳನ್ನು ಬಲ್ಲವರಾಗಿರಬೇಕು: ಒಡಹುಟ್ಟಿದವರು, ಗೆಳತಿಯರು, ಮದುವೆ ಮಾಡಿಸಿದ ಗುರುಗಳು. 2015ರಲ್ಲಿ ಅಂದಿನ ಪೋಪ್ ಫ್ರಾನ್ಸಿಸರು ಈ ವಿಚಾರಣೆಯನ್ನು ಸರಳ ಮಾಡಿದರು. ಎರಡನೆಯ ನ್ಯಾಯಮಂಡಳಿಯ ಒಪ್ಪಿಗೆ ಕಡ್ಡಾಯವೆಂಬ ಹಳೆಯ ನಿಯಮ ಆಗ ಹೋಯಿತು, ಸಾಧ್ಯವಾದಷ್ಟು ಮಟ್ಟಿಗೆ ವಿಚಾರಣೆ ಉಚಿತವಾಗಿ ನಡೆಯಲಿ ಎಂದೂ ಅವರು ಸೂಚಿಸಿದರು. ಅರ್ಜಿಯ ವಿವರವನ್ನು ಧರ್ಮಕೇಂದ್ರದ ಗುರುಗಳಲ್ಲಿ ಕೇಳಬಹುದು. ಅವರೊಡನೆ ಮಾತಾಡಲು ಸಂಕೋಚವೆನಿಸಿದರೆ ಧರ್ಮಾಧ್ಯಕ್ಷರ ಕಾರ್ಯಾಲಯಕ್ಕೆ ನೇರವಾಗಿ ಪತ್ರ ಬರೆಯಬಹುದು.