ಮೊಬೈಲಿನಲ್ಲಿ ತುಪ್ಪದ ಮಾರಾಟ: ಕಮಿಷನ್ ಕೊಡುವ ಮುನ್ನ ಲೆಕ್ಕ ನೋಡಿ



ಕುಕ್ಕುವಾಡದಲ್ಲಿ ಕೆಚ್ಚಲು ಬಾವಿನ ರಾಸು ನೋಡಲು ಹೋಗಿದ್ದಾಗ ಆ ಮನೆಯ ಸದಸ್ಯೆ ಒಂದು ಪ್ರಶ್ನೆ ಕೇಳಿದರು. "ಡಾಕ್ಟ್ರೇ, ನನ್ ಮಗ ಮೊಬೈಲ್‌ನಾಗೆ ತುಪ್ಪ ಮಾರ್ತೀನಿ ಅಂತಾನೆ. ಮಾರಿಸಿಕೊಡೋರಿಗೆ ನೂರಕ್ಕೆ ಇಪ್ಪತ್ತು ಕೊಡಬೇಕಂತೆ. ನಮಗೇನು ಉಳೀತೈತಿ?" ಇದೇ ಯೋಚನೆ ಇನ್ನೂ ಹಲವರ ಮನೆಯಲ್ಲಿ ಇರುವುದರಿಂದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದಕ್ಕೆ ಅಫಿಲಿಯೇಟ್ ಮಾರಾಟ ಎನ್ನುತ್ತಾರೆ. ಅಮೆರಿಕದ ಅಮೆಜಾನ್ ಕಂಪನಿ ಪುಸ್ತಕ ಮಾರುತ್ತಿದ್ದಾಗ 1996ರಲ್ಲಿ ತನ್ನಲ್ಲೂ ಈ ಪದ್ಧತಿ ಆರಂಭಿಸಿತು. ನಮಗೆ ಹೊಸದೇನಲ್ಲ, ಮಂಡಿಯ ದಲಾಲಿ ಇದ್ದಂತೆಯೇ. ಮಾಲು ಬಿಕರಿಯಾದರೆ ಮಾತ್ರ ಕಮಿಷನ್. ಆದರೆ ದಲಾಲರು ಮಾಲನ್ನು ಕಣ್ಣಾರೆ ನೋಡಿರುತ್ತಾರೆ. ಇಲ್ಲಿ ಮಾರಿಸಿಕೊಡುವವರು ತಮ್ಮ ಹೆಸರಿನ ಲಿಂಕನ್ನೋ ಗುರುತಿನ ಸಂಖ್ಯೆಯನ್ನೋ ಪರಿಚಯದವರಿಗೆ ಕಳಿಸುತ್ತಾರೆ, ಅಷ್ಟೇ. ತುಪ್ಪ ಕಾಯಿಸುವುದು, ಕಳಿಸುವುದು, ದೂರು ಬಂದರೆ ಕೇಳಿಸಿಕೊಳ್ಳುವುದು ಎಲ್ಲವೂ ನಿಮ್ಮದೇ.

ಈಗ ಲೆಕ್ಕಕ್ಕೆ ಬರೋಣ. ಶೇಕಡಾ 4 ಜಿಡ್ಡಿರುವ ಹಸುವಿನ ಹಾಲಾದರೆ, ಮನೆಯಲ್ಲಿ ಕಡೆದು ಕಾಯಿಸುವಾಗ ಆಗುವ ನಷ್ಟವೂ ಸೇರಿ, ಒಂದು ಕಿಲೋ ತುಪ್ಪಕ್ಕೆ ಸುಮಾರು 28 ಲೀಟರ್ ಬೇಕು. ಲೀಟರಿಗೆ 35 ರೂಪಾಯಿ ಎಂದು ಹಿಡಿದರೆ 980 ರೂಪಾಯಿ. ಸಂಘಕ್ಕೆ ಹಾಕಿದ ಹಾಲಿಗೆ ಮಾತ್ರ ಸಿಗುವ ಸರ್ಕಾರದ ಪ್ರೋತ್ಸಾಹಧನ 5 ರೂಪಾಯಿ ಎಂದೇ ಹಿಡಿಯಿರಿ. ಅದು 140 ರೂಪಾಯಿ, ಕೈತಪ್ಪಿತು. ಬಹಳ ಮಂದಿ ಮರೆಯುವುದು ಇದನ್ನೇ. ಉರುವಲು, ಡಬ್ಬಿ, ಕೊರಿಯರ್‌ಗೆ 150 ಸೇರಿಸಿದರೆ ಒಟ್ಟು 1270. ಕಿಲೋಗೆ 1500ರಂತೆ ಮಾರಿ 300 ಕಮಿಷನ್ ಕೊಟ್ಟರೆ ಕೈಗೆ ಬರುವುದು 1200. ಎಪ್ಪತ್ತು ರೂಪಾಯಿ ನಷ್ಟ, ಮನೆಯವರ ಕೂಲಿ ಬೇರೆ! ನೂರಕ್ಕೆ ಹತ್ತು ಕೊಟ್ಟರೂ ಉಳಿಯುವುದು 80 ಮಾತ್ರ. ದಾರಿಯಲ್ಲಿ ಒಂದು ಡಬ್ಬಿ ಒಡೆದರೆ ಹದಿನೈದು ಇಪ್ಪತ್ತು ಕಿಲೋದ ಲಾಭ ಹೋಯಿತು.

ಎಮ್ಮೆ ಹಾಲಿನ ಲೆಕ್ಕ ಸ್ವಲ್ಪ ಬೇರೆ. ಶೇಕಡಾ 7 ಜಿಡ್ಡಿದ್ದರೆ 16 ಲೀಟರ್ ಸಾಕು. ಲೀಟರಿಗೆ 50 ರೂಪಾಯಿಯಂತೆ 800, ಪ್ರೋತ್ಸಾಹಧನ 80, ಇತರ ಖರ್ಚು 150, ಒಟ್ಟು 1030. ಅದೇ 1500ಕ್ಕೆ ಮಾರಿ ನೂರಕ್ಕೆ ಇಪ್ಪತ್ತು ಕೊಟ್ಟರೂ 170 ಉಳಿಯುತ್ತದೆ. ಇವೆಲ್ಲ ಅಂದಾಜಿನ ದರಗಳು. ನಿಮ್ಮ ಹಾಲಿನ ಚೀಟಿಯ ಜಿಡ್ಡು ಮತ್ತು ದರ ಹಾಕಿ ನೀವೇ ಕೂಡಿ ನೋಡಿ. ಕಮಿಷನ್ ಎಷ್ಟೆಂದು ಮಾತು ಕೊಡುವುದು ಆಮೇಲೆ.

ಕಮಿಷನ್ನನ್ನು ಗಿರಾಕಿಗೆ ಮಾಲು ತಲುಪಿ, ಹಣ ನಿಮ್ಮ ಖಾತೆಗೆ ಬಂದ ಮೇಲೆಯೇ ಕೊಡಿ. ಒಬ್ಬೊಬ್ಬ ಮಾರಾಟಗಾರರಿಗೂ ಬೇರೆ ಬೇರೆ ಗುರುತಿನ ಸಂಖ್ಯೆ ಕೊಟ್ಟು, ಆರ್ಡರ್ ಬಂದಾಗ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಐದಾರು ಜನರಿಗೆ ಇಷ್ಟೇ ಸಾಕು. "ಮೊದಲು ನೋಂದಣಿ ಹಣ ಕಟ್ಟಿ, ನಾವು ಮಾರಿಸುತ್ತೇವೆ" ಎನ್ನುವವರನ್ನು ಬಾಗಿಲಲ್ಲೇ ಕಳಿಸಿಬಿಡಿ.

ನನಗೆ ಹೆಚ್ಚು ಚಿಂತೆ ಇರುವುದು ಮಾರಿಸಿಕೊಡುವವರ ಬಾಯಿಯ ಬಗ್ಗೆ. ಕಮಿಷನ್ ಆಸೆಗೆ ಎಚ್.ಎಫ್. ಮಿಶ್ರತಳಿಯ ತುಪ್ಪವನ್ನು "ನಾಟಿ ಹಸುವಿನದು" ಎಂದೋ, "ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ" ಎಂದೋ ಬರೆದುಬಿಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸುಳ್ಳು ಜಾಹೀರಾತಿಗೆ ತಯಾರಕರಿಗೂ ಅದನ್ನು ಹೊಗಳಿದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಆದ್ದರಿಂದ ಏನು ಬರೆಯಬೇಕೆಂದು ನೀವೇ ನಾಲ್ಕು ಸಾಲು ಬರೆದುಕೊಡಿ. ತಮಗೆ ಕಮಿಷನ್ ಸಿಗುತ್ತದೆಂಬುದನ್ನೂ ಅವರು ಗಿರಾಕಿಗೆ ತಿಳಿಸಬೇಕು.

ಮಾರಾಟಕ್ಕೆ ಮುನ್ನ ಆಹಾರ ಸುರಕ್ಷತೆ ಇಲಾಖೆಯಲ್ಲಿ ನೋಂದಣಿ ಮಾಡಿಸಿ, 14 ಅಂಕಿಯ ಸಂಖ್ಯೆಯನ್ನು ಡಬ್ಬಿಯ ಮೇಲೆ ಹಾಕಬೇಕು. ತುಪ್ಪದಲ್ಲಿ ನೀರಿನಂಶ ಶೇಕಡಾ 0.5 ಮೀರಬಾರದು. ಚಟಪಟ ಸದ್ದು ಪೂರ್ತಿ ನಿಲ್ಲುವ ಮೊದಲೇ ಇಳಿಸಿದರೆ ಬೇಗ ಕಮಟು ಹಿಡಿಯುತ್ತದೆ. ಕೆಚ್ಚಲು ಬಾವಿಗೆ ಚುಚ್ಚುಮದ್ದು ಪಡೆದ ರಾಸಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಸಂಘಕ್ಕೂ ಹಾಕಬೇಡಿ, ತುಪ್ಪಕ್ಕೂ ಬಳಸಬೇಡಿ.

ಹಾಲನ್ನೆಲ್ಲ ತುಪ್ಪಕ್ಕೆ ತಿರುಗಿಸುವವರು ಸಂಘದ ಬೈಲಾವನ್ನೂ ಒಮ್ಮೆ ಓದಿಸಿ ಕೇಳಬೇಕು. ಹಾಲು ಹಾಕುವ ದಿನಗಳು ಕಡಿಮೆಯಾದರೆ ಮತದ ಹಕ್ಕಿಗೆ ತೊಂದರೆ ಬರಬಹುದು. ಕುಕ್ಕುವಾಡದ ಆ ತಾಯಿಗೆ ನಾನು ಹೇಳಿದ್ದು ಹೀಗೆ: ಎರಡು ಹಸುವಿನ ಹಾಲು ಸಂಘಕ್ಕೇ ಹೋಗಲಿ, ಎಮ್ಮೆಯ ಸಂಜೆ ಹಾಲಿನಲ್ಲಿ ಮಗ ಮೂರು ತಿಂಗಳು ಮಾಡಿ ನೋಡಲಿ, ಕಮಿಷನ್ ಹದಿನೈದಕ್ಕಿಂತ ಹೆಚ್ಚು ಒಪ್ಪಬೇಡಿ. ಮಗ ಆಗಲೇ ಹಾಲಿನ ಚೀಟಿಗಳನ್ನು ಹುಡುಕಲು ಒಳಗೆ ಹೋಗಿದ್ದ.